ಬಸಿಯುವುದು

ಮೂವತ್ತೊಂದು ವರ್ಷ ನೀರು ಬಿಡುವುದೇ ನನ್ನ ನೌಕರಿ.
ಎಡದಂಡೆಯ ಉಪಕಾಲುವೆ, ತೂಬಿನ ತಿರುಪು,
ಸೊಂಟಕ್ಕೆ ಕೀಲಿ, ಉಗುರಿನೊಳಗೆ ಗ್ರೀಸು.
ನಡುರಾತ್ರಿ ಬಾಗಿಲು ಬಡಿದು ಎಬ್ಬಿಸುತ್ತಿದ್ದರು:
ಲಸ್ಕರಣ್ಣಾ, ಒಂದು ಗೇಣು ಎತ್ತು,
ಗೇಣಾಗದಿದ್ದರೆ ನಾಕು ಬೆರಳು.
ನೀರನ್ನು ಕರೆತರುವುದು ಗೊತ್ತು.
ಕಳಿಸಿಕೊಡುವುದನ್ನು ಇಲಾಖೆ ಕಲಿಸಲಿಲ್ಲ.

ಸಿಂಧನೂರಿನಲ್ಲಿ ಈ ಮನೆ ಕಟ್ಟಿಸಿದ ಮೇಲೆ
ಹಿತ್ತಲಲ್ಲಿ ನಾಲ್ಕು ಏರುಮಡಿ.
ಪರಸಿಕಲ್ಲು ನಿಲ್ಲಿಸಿ, ಸಂದಿಗೆ ಸಿಮೆಂಟು ಮೆತ್ತಿ,
ತೂಗುಗುಂಡು ಹಿಡಿದು ಮೊಣಕಾಲೆತ್ತರದ ಗೋಡೆ.
‘ಒಂದು ಹನಿ ಸೋರಂಗಿಲ್ಲ ಸಾಬ್ರೇ’
ಅಂದ ಮೇಸ್ತ್ರಿ ನರಸಪ್ಪ.
ನಾನೂ ಬೀಗಿದೆ. ಕಾಲುವೆಯವನಿಗೆ
ಅದಕ್ಕಿಂತ ದೊಡ್ಡ ಹೊಗಳಿಕೆ ಯಾವುದು?

ತಳಕ್ಕೆ ಒಂದು ಗೇಣು ಜಲ್ಲಿ, ಯಾರೋ ಹೇಳಿದ್ದರು.
ಮೇಲೆ ಎರೆಮಣ್ಣು.
ಎರೆಯ ಸ್ವಭಾವ ನಿಮಗೂ ಗೊತ್ತಿರಬೇಕು:
ಬೇಸಿಗೆಯಲ್ಲಿ ಮೊಳಕೈತನಕ ನುಂಗುವ ಬಿರುಕು,
ಮಳೆಯಲ್ಲಿ ಕಸಿದುಕೊಂಡ ಚಪ್ಪಲಿ
ವಾಪಸು ಕೊಡುವುದಿಲ್ಲ.

ಪುಂಡಿಪಲ್ಯ, ಚವಳಿ, ಮುಳ್ಳುಬದನೆ ಹಾಕಿದೆ.
ಎರಡೇ ಎರಡು ದೊಡ್ಡ ಮಳೆ.
ಎಲೆ ಅರಿಶಿಣಕ್ಕೆ ತಿರುಗಿತು.
ಬದನೆ ನೀರಲ್ಲಿ ನಿಂತೇ
ನೀರಡಿಸಿದವರಂತೆ ತಲೆ ಕೆಳಗೆ ಹಾಕಿತು.
ಕಿತ್ತರೆ ಬೇರು ಕಂದು, ಕೊಳೆತ ಹುದಲಿನ ವಾಸನೆ.
ತಳದ ಜಲ್ಲಿಯತನಕ ಅಗೆದೆ.
ಅಲ್ಲಿ ತುಂಬಿ ನಿಂತ ನೀರು
ನನ್ನ ಮುಖವನ್ನೇ ನನಗೆ ತೋರಿಸಿತು.

ಉಳಿ ಹಿಡಿದು ಗೋಡೆಯ ಬುಡಕ್ಕೆ ತೂತು ಹೊಡೆದೆ, ಮಡಿಗೆ ಆರು.
ಜಲ್ಲಿ ಖಾಲಿಯಾಯಿತು, ಮಣ್ಣು ಆಗಲಿಲ್ಲ.
ಮೂರು ದಿನದ ಮೇಲೂ ಹಿಂಡಿದರೆ ಹನಿ,
ಜಲ್ಲಿಯ ಅಂಚಿಗೆ ಬಂದ ನೀರು
ಮುಂದೆ ಕಾಲಿಡಲು ಒಲ್ಲೆ ಅನ್ನುತ್ತಿತ್ತು.

ದೌಲಬಿ ಅನ್ನ ಬಸಿಯುತ್ತಿದ್ದಳು,
ಬಚ್ಚಲಕಟ್ಟೆಯ ಮೇಲೆ ಬೋಗುಣಿ ಬಗ್ಗಿಸಿ,
ಮುಚ್ಚಳದ ಸಂದಿಯಿಂದ ಗಂಜಿಯ ಬಿಳಿ ಎಳೆ.
ನನ್ನ ಕೆಸರುಗೈ ನೋಡಿ ಅಂದಳು:
‘ಅನ್ನ ಮುದ್ದಿ ಆದಮ್ಯಾಲ ಎಷ್ಟು ಬಗ್ಗಿಸಿದ್ರೇನು?
ಗಂಜಿ ಇಳಿಯಂಗಿಲ್ಲ.
ಕಾಳಿಗೆ ಕಾಳು ಬಿಡಿ ಇರಬೇಕು.
ತೂತು ಆಮ್ಯಾಲಿನ ಮಾತು.’

ಜಲ್ಲಿಯನ್ನೆಲ್ಲ ಎತ್ತಿ ದಾರಿಗೆ ಹರವಿದೆ.
ಮಿಲ್ಲಿನಿಂದ ಆರು ಚೀಲ ಭತ್ತದ ಹೊಟ್ಟು,
ಎರಡು ವರ್ಷದ ತಿಪ್ಪೆಗೊಬ್ಬರ, ಹಳ್ಳದ ಉಸುಕು.
ಪದರ ಪದರ ಇಡಲಿಲ್ಲ. ತಳದಿಂದ ತಲೆತನಕ
ಎರೆಗೆ ಕಲಸಿದೆ, ಬೆನ್ನು ಹಿಡಿಯುವತನಕ.
ಮುಂದಿನ ಮಳೆಗೆ ಕೊಡೆ ಹಿಡಿದು ನಿಂತೆ.
ಇಪ್ಪತ್ತನಾಲ್ಕು ತೂತಿನಲ್ಲೂ ಚಹಾ ಬಣ್ಣದ ನೀರು!
ಅರವತ್ತೆರಡರ ನಾನು ಕುಣಿಯುವುದೊಂದು ಬಾಕಿ.

ಬೆಳಿಗ್ಗೆ ಪಕ್ಕದ ಕಂಡಕ್ಟರ್ ಅಮರೇಗೌಡ ಕರೆದ.
ಸಿಟ್ಟಿಲ್ಲ. ಬೆರಳು ತೋರಿಸಿದ ಅಷ್ಟೇ.
ಅವನ ಗೋಡೆಯ ಬುಡ ತೊಯ್ದಿತ್ತು,
ಕಟ್ಟಿಗೆಯ ಒಟ್ಟಿಲು ತೊಯ್ದಿತ್ತು,
ಕಳೆದ ಮಳೆಯ ಪಸೆ ಆರಿದಲ್ಲಿ
ಇಟ್ಟಿಗೆಯ ಮೇಲೆ ಬೂದಿಯಂಥ ಉಪ್ಪು.

ಆ ಬಿಳುಪು ನಾನು ನೋಡಿದ್ದೆ.
ಮೇಲಿನ ಕ್ಯಾಂಪಿನ ಭತ್ತದ ಗದ್ದೆಗಳಿಂದ ಬಸಿದು ಬಸಿದು
ತಗ್ಗಿನ ಮೂರೆಕರೆ ಸವಳಾದ ತಿಪ್ಪವ್ವ
ಒಂದು ಮಧ್ಯಾಹ್ನ ತೂಬಿಗೆ ಬಂದಿದ್ದಳು.
ಎಲ್ಲರೂ ಎತ್ತು ಅನ್ನುವ ಜಾಗದಲ್ಲಿ
ಅವಳೊಬ್ಬಳೇ ‘ಇಳಸು’ ಅಂದಳು.
ಸೆರಗಿನ ಗಂಟು ಬಿಚ್ಚಿ
ಬಿಳಿ ಮಣ್ಣು ನನ್ನ ಅಂಗೈಗೆ ಹಾಕಿ, ‘ನೆಕ್ಕಿ ನೋಡು.’
ನಾನು ನಕ್ಕೆ. ಅಂಗೈ ಝಾಡಿಸಿದೆ.
ಗೇಜಿನ ರಿಜಿಸ್ಟರಿನಲ್ಲಿ ಆವತ್ತು
ದೂರು: ಇಲ್ಲ.

ಈಗ ಅಮರೇಗೌಡನ ಗೋಡೆಗುಂಟ ಬಸಿಗಾಲುವೆ ತೋಡುತ್ತಿದ್ದೇನೆ,
ಹಿತ್ತಲ ಮೂಲೆಯ ಕೆಸುವಿನ ಗುಂಡಿಯತನಕ.
ಗಜಕ್ಕೆ ಅರ್ಧ ಬೆರಳು ಇಳಿಜಾರು,
ಹಳೆಯ ಕಣ್ಣಳತೆ ಇನ್ನೂ ಇದೆ.
ಗುಂಡಿ ತುಂಬಿದರೆ? ದೌಲಬಿ ಕೇಳುತ್ತಾಳೆ.
ಇನ್ನೊಂದು ತೋಡಬೇಕು.
ಅದೂ ತುಂಬಿದರೆ?

ಸನಿಕೆಗೆ ಅಂಟಿದ ಎರೆ ಕೆರೆಯುತ್ತ
ಒಂದು ಚೂರು ನಾಲಿಗೆಗೆ ಇಟ್ಟುಕೊಂಡೆ.
ಅವಳು ನೋಡಲಿಲ್ಲ.