ಖಾಲಿ ತಿಂಗಳು

ಗ್ರಿಮ್ಸ್‌ಬಿಯ ಥಾರ್ಸ್‌ಬಿ ಬೀದಿ, ನಲವತ್ತೇಳನೇ ನಂಬರು.
ಒಂದೇ ಬೆನ್ನುಮೂಳೆಗೆ ಅಂಟಿಕೊಂಡ ಅರವತ್ತು ಮನೆಗಳಲ್ಲಿ ಒಂದು.
ಹರಾಜಿನಲ್ಲಿ ಹಿಡಿದೆ, ಒಳಗೆ ಕಾಲಿಡದೆ;
ಫೋಟೋದಲ್ಲಿ ಕಂಡದ್ದು ಒಂದು ಬಾಗಿಲು, ಒಂದೂವರೆ ಕಿಟಕಿ.
ಇಪ್ಪತ್ತೊಂಬತ್ತು ವರ್ಷ ಮೀನು ಸೀಳಿದ ಕೈ ಎತ್ತಿದೆ,
ಸುತ್ತಿಗೆ ಬಿತ್ತು.
ಮುಂದಿನ ಸಾಲಿನವನು ಲಂಡನ್ನಿನ ಯಾರಿಗೋ
ಫೋನಿನಲ್ಲೇ ಮೂರು ಕೊಂಡ,
ಮೊಟ್ಟೆ ಕೊಂಡ ಹಾಗೆ.

ಕೆಲಸ ಹೋದಾಗ ಬಂದ ಗಂಟನ್ನು ಇಟ್ಟಿಗೆ ಮಾಡು
ಅಂದಿದ್ದ ತಂಗಿಯ ಗಂಡ:
ಬ್ಯಾಂಕಿನಲ್ಲಿ ದುಡ್ಡು ಮಲಗುತ್ತದೆ, ಮನೆಯಲ್ಲಿ ದುಡಿಯುತ್ತದೆ.
ನಿಜ. ಒಂದನೇ ತಾರೀಕಿಗೆ ನಾನೂರ ಎಪ್ಪತ್ತೈದು ಪೌಂಡು.
ಸಾಲದ ಬಡ್ಡಿ, ಏಜೆಂಟಿನ ಹತ್ತು ಪರ್ಸೆಂಟು,
ಬಾಯ್ಲರ್ ತಪಾಸಣೆ, ವಿಮೆ ಕಳೆದು
ಉಳಿದದ್ದನ್ನು ಹಸಿರು ಶಾಯಿಯಲ್ಲಿ ಬರೆಯುತ್ತಿದ್ದೆ.

ಮನೆ ಕಟ್ಟಿ ನೋಡು ಅಂದರು.
ಕೊಟ್ಟು ನೋಡು ಅನ್ನಲಿಲ್ಲ ಯಾರೂ.

ರಾಮುನೆ ಇದ್ದಳು ಆರು ವರ್ಷ. ಲಿಥುವೇನಿಯಾದವಳು,
ಮೀನಿಗೆ ಹೊಗೆ ಹಾಕುವಲ್ಲಿ ರಾತ್ರಿಪಾಳಿ.
ಬಾಡಿಗೆ ಒಂದು ದಿನ ತಡವಾಗಲಿಲ್ಲ.
ಗೋಡೆಗೆ ಮೊಳೆ ಹೊಡೆಯಲೇ ಎಂದು ಕಾಗದ ಬರೆದು ಕೇಳಿದ್ದಳು.
ಹೊಡಿ ಅಂದೆ. ಎರಡು.

ಮಾರ್ಚಿನಲ್ಲಿ ಏಜೆಂಟ್ ಡೇಮಿಯನ್ ಅಂದ:
ಮಾರುಕಟ್ಟೆ ಮೇಲಿದೆ, ನೀವು ಕೆಳಗೇ ಕೂತಿದ್ದೀರಿ.
ಅರವತ್ತೈದು ಏರಿಸಿದೆ.
ಏರಿಸಿದೆ ಅನ್ನಬಾರದಂತೆ, ಏರಿತು ಅನ್ನಬೇಕಂತೆ.
ಒಂದು 'ಇಸು' ಕಳಚಿದರೆ ಸಾಕು, ಕೈ ತೊಳೆದ ಹಾಗೆ.
ಅವಳು ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು ಕಳಿಸಿದಳು.
ಹೋಗಿ ನೋಡಿದರೆ ಮೊಳೆಯ ಎರಡೂ ತೂತಿಗೆ
ಬಿಳಿ ಮೆತ್ತಿದ್ದಳು, ಮಟ್ಟಸವಾಗಿ.

ಈಗ ಖಾಲಿ ತಿಂಗಳು.
ಬಾರದ ಬಾಡಿಗೆ, ನಿಲ್ಲದ ಬಡ್ಡಿ,
ಯಾರೂ ಇಲ್ಲದ ಮನೆಗೆ ಕೌನ್ಸಿಲ್ ತೆರಿಗೆ ನನ್ನ ಹೆಸರಿಗೆ.
ಮೂಲೆಯ ತೇವ ಎಲ್ಲಿಂದ ಬರುತ್ತದೆ ನೋಡೋಣವೆಂದು
ಒಂದು ರಾತ್ರಿ ಅಲ್ಲೇ ಉಳಿದೆ: ಹೊದಿಕೆ, ಫ್ಲಾಸ್ಕು, ಟಾರ್ಚು.
ಹನ್ನೊಂದು ವರ್ಷದ ಒಡೆತನದಲ್ಲಿ ಮೊದಲ ರಾತ್ರಿ.

ಮೂರನೇ ಮೆಟ್ಟಿಲು ಕೆಮ್ಮುತ್ತದೆಂದು ಗೊತ್ತಿರಲಿಲ್ಲ.
ನಲ್ಲಿಯನ್ನು ಎಡಕ್ಕೆ ತಿರುಗಿಸಿ ಒಂದು ಗುದ್ದು ಕೊಡಬೇಕೆಂದು,
ಬಂದರಿನ ಗಾಳಿ ಬಾಗಿಲಿನ ಅಂಚೆಕಿಂಡಿಯ ನಾಲಿಗೆ ಎತ್ತಿ
ಇರುಳಿಡೀ ಏನೋ ಹೇಳುತ್ತದೆಂದು.
ಕಾರ್ಪೆಟ್ಟಿನಲ್ಲಿ ಅವಳ ಮಂಚದ ನಾಲ್ಕು ಕಾಲಿನ ಗುಳಿ.
ಅದರ ನಡುವೆಯೇ ಮಲಗಿದೆ,
ಉಳಿದ ಜಾಗ ಯಾಕೋ ನನ್ನದಲ್ಲ ಅನ್ನಿಸಿ.

ಹತ್ತೂವರೆಗೆ ಪಕ್ಕದ ಗೋಡೆಯಿಂದ
ಟಕ್ ಟಕ್. ತಡೆದು, ಟಕ್.
ಪೈಪು ಅಂದುಕೊಂಡೆ.
ಮತ್ತೆ, ಟಕ್ ಟಕ್. ತಡೆದು, ಟಕ್.
ಮುಷ್ಟಿ ಎತ್ತಿದೆ. ಇಳಿಸಿದೆ.
ನನ್ನದೇ ಗೋಡೆ; ಏನು ಬಡಿಯಬೇಕು ತಿಳಿಯಲಿಲ್ಲ.

ಬೆಳಿಗ್ಗೆ ಕಸದ ಡಬ್ಬಿಯ ಹತ್ತಿರ ಸಿರಿಲ್ ಸಿಕ್ಕ,
ಎಂಬತ್ತಾರು, ಟ್ರಾಲರಿನಲ್ಲಿ ಐಸ್‌ಲೆಂಡಿನ ತನಕ ಹೋಗಿ ಬಂದವನು.
'ಪಾಳಿಗೆ ಹೊರಡುವ ಮುಂಚೆ ಅವಳಿಗೆ ನಾನು ಬಡಿಯುವುದು,
ಇದ್ದೇನೆ ಅಂತ.
ಅವಳು ಎರಡು ಬಡಿಯುವುದು, ಆಯಿತು ಮಲಗು ಅಂತ.
ನಿನ್ನೆ ಬೆಳಕು ಕಂಡಿತು. ಬಂದಳೇನೋ ಅಂದುಕೊಂಡೆ.'

ಸರ್ವೆಯವನ ಹದಿನೆಂಟು ಪುಟ ತೆಗೆದು ನೋಡಿದೆ.
'ನಡುಗೋಡೆ: ಇಟ್ಟಿಗೆ, ಒಂಬತ್ತು ಇಂಚು, ಸುಸ್ಥಿತಿ.'
ಅಷ್ಟೇ.

ಡೇಮಿಯನ್ ಫೋನು: ಮನೆ ನೋಡಲು ಇಬ್ಬರು ಬರುತ್ತಾರೆ.
ಐನೂರ ನಲವತ್ತು ಹೇಳಲೇ?
ಅವರಲ್ಲಿ ರಾತ್ರಿ ಹತ್ತೂವರೆಗೆ ಮನೆಯಲ್ಲಿರುವವರು ಯಾರು,
ಕೇಳಿದೆ. ನಕ್ಕ.
ಹೇಳು ಅಂದೆ.

ಬಂದ ಹುಡುಗಿಗೆ ನಲ್ಲಿಯ ಗುದ್ದು ತೋರಿಸಿದೆ,
ಮೂರನೇ ಮೆಟ್ಟಿಲು ತೋರಿಸಿದೆ.
ಗೋಡೆಯ ಮಾತು ನಾಲಿಗೆಯ ತುದಿಗೆ ಬಂತು;
ಅದಕ್ಕೂ ದರ ಕಟ್ಟಿದಂತಾದೀತೆಂದು ನುಂಗಿದೆ.
ಇರುಳು ನನ್ನ ಮನೆಯಲ್ಲಿ, ಮೂರು ಬೀದಿ ಆಚೆ,
ಹತ್ತೂವರೆಗೆ ಎಚ್ಚರವಾಗಿರುತ್ತೇನೆ ಈಚೆಗೆ.
ತೇವ ಎಲ್ಲಿಂದ ಬರುತ್ತದೋ
ಇನ್ನೂ ಸಿಕ್ಕಿಲ್ಲ.