ಬಾಲಕ್ಕೆ ಬಣ್ಣ

ಮೊದಲು ಬಂದದ್ದು ಗುಬ್ಬಿ, ಅದೂ ಎರಡೇ.
ಪುಣೆಯ ಸಹಕಾರನಗರದಲ್ಲಿ ನೆಲಮಹಡಿಯ ಮನೆ,
ಹಿಂದೆ, ಎರಡು ಮಂಚ ಹಿಡಿಯುವಷ್ಟು ತೋಟ:
ಒಂದು ಕರಿಬೇವು, ಒಂದು ದಾಸವಾಳ,
ನಲ್ಲಿ ಸೋರುವಲ್ಲಿ ತಾನಾಗಿ ಎದ್ದ ಕೆಸು.
ಕರಿಬೇವಿನ ಕೊಂಬೆಗೆ ಬಾಟಲಿಯೊಂದನ್ನು ಕಟ್ಟಿ
ಅಡ್ಡಕ್ಕೆ ಎರಡು ಮರದ ಸೌಟು ತೂರಿಸಿ
ಒಳಗೆ ತುಂಬಿದೆ, ವಿಜಾಪುರದಿಂದ ಅಕ್ಕ ಕಳಿಸಿದ ಬಿಳಿಜೋಳ.
ರೊಟ್ಟಿಗೆಂದು ಕಳಿಸಿದ್ದು.
ಅವಳಿಗೆ ಹೇಳಿಲ್ಲ.

ಆಮೇಲೆ ರಾಟವಾಳದ ಹಿಂಡು, ಆಮೇಲೆ
ಕರೆಯದೆ ಬಂದು ಊಟ ಸರಿಯಿಲ್ಲವೆನ್ನುವ
ಬೀಗರಂಥ ಪಾರಿವಾಳ.
ಹಕ್ಕಿ ಒಂದು ಕಾಳು ತಿಂದರೆ ನಾಲ್ಕು ಕೆಳಗೆ ಚೆಲ್ಲುತ್ತದೆ.
ನನಗೆ ಗೊತ್ತಿರಲಿಲ್ಲ.
ಇಲಿಗೆ ಗೊತ್ತಿತ್ತು.

ಪಾತ್ರೆ ತೊಳೆದು ದೀಪ ಆರಿಸಿದ ಮೇಲೆ
ಕರಿಬೇವಿನ ಬುಡದಲ್ಲಿ ಯಾರೋ
ಹಳೆಯ ಕಾಗದ ನಿಧಾನ ಹರಿಯುತ್ತಿರುವ ಸದ್ದು.

ಅಂಗಡಿಯವನು ಮೂರು ತೋರಿಸಿದ: ವಿಷದ ಬಿಲ್ಲೆ,
ಅಂಟಿನ ಹಲಗೆ, ಬೋನು.
ವಿಷ ಬೇಡ ಎಂದೆ, ದೊಡ್ಡ ಮನಸ್ಸಿನವಳಂತೆ.
ಅಂಟು ತಂದೆ.
ಬೆಳಿಗ್ಗೆ ಅದಕ್ಕೆ ಸಿಕ್ಕಿದ್ದು ಇಲಿಯಲ್ಲ.
ಗುಬ್ಬಿ. ಹೆಣ್ಣು. ಒಂದು ರೆಕ್ಕೆ ಪೂರ್ತಿ, ಬಾಲ ಪೂರ್ತಿ.
ಅಡುಗೆ ಎಣ್ಣೆಯಲ್ಲಿ ಬೆರಳದ್ದಿ, ಒಂದೊಂದೇ ಗರಿ
ಬಿಡಿಸುವುದಕ್ಕೆ ಒಂದು ಗಂಟೆ,
ಆಫೀಸಿಗೆ ಜ್ವರವೆಂದು ಸುಳ್ಳು.
ಕೈಯಲ್ಲಿ ಅದರ ಎದೆ ಹೊಡೆದುಕೊಂಡದ್ದು
ಈಗಲೂ ಒಮ್ಮೊಮ್ಮೆ ಲಟ್ಟಣಿಗೆ ಹಿಡಿದಾಗ ಬರುತ್ತದೆ.
ಮೂರು ಗರಿ ಹಲಗೆಯಲ್ಲೇ ಉಳಿದವು.
ಗೋಡೆಯ ಮೇಲೆ ಕೂರಿಸಿ ನೀರು ತರುವಷ್ಟರಲ್ಲಿ
ಅದು ಇರಲಿಲ್ಲ. ಹಾರಿತೋ,
ಮೂರನೇ ಮಹಡಿಯವರ ಬೆಕ್ಕು ಒಯ್ದಿತೋ,
ಕೇಳಲು ಧೈರ್ಯವಾಗಲಿಲ್ಲ.

ಆಮೇಲೆ ಬೋನು. ಒಳಗೆ ಶೇಂಗಾ ಚಿಕ್ಕಿ.
ಬೆಟ್ಟ ಅಗೆದು ಇಲಿ ಹಿಡಿದರು ಎಂಬುದು ಗಾದೆ.
ನಾನು ಇಲಿ ಹಿಡಿದು ಬೆಟ್ಟಕ್ಕೆ ಹೋದವಳು:
ಸ್ಕೂಟರಿನ ಕಾಲಡಿಯಲ್ಲಿ ಬೋನು, ಮೇಲೆ ಹಳೇ ದುಪಟ್ಟಾ,
ಸಿಗ್ನಲ್ಲಿನಲ್ಲಿ ಪಕ್ಕದವನು ಹೆಲ್ಮೆಟ್ ಬಗ್ಗಿಸಿ ನೋಡಿದ.
ತಳಜಾಯಿ ಗುಡ್ಡದ ಹುಲ್ಲಿನಲ್ಲಿ ಬಾಗಿಲೆತ್ತಿದರೆ
ಅದು ಹೋಗಲಿಲ್ಲ. ಚಿಕ್ಕಿ ಮುಗಿಸಿ ಹೋಯಿತು.

ಮೂರನೆಯ ಸಲ ಅನುಮಾನ: ಇದು ಅದೇ ಅಲ್ಲವೆ?
ವಾಚ್‌ಮನ್ ಶೆಡಗೆ ಟಾರ್ಚು ಹಿಡಿದ,
ಬೋನಿನ ಸಂದಿಯಿಂದ ಹೊರಬಿದ್ದ ಬಾಲಕ್ಕೆ
ನಾನು ಎರಡು ಪದರ ಉಗುರುಬಣ್ಣ ಬಳಿದೆ, ಕೆಂಪು,
ಮದುವೆಗೆಂದು ಕೊಂಡು ಒಮ್ಮೆಯೂ ಹಚ್ಚದ್ದು.
ಆರುವವರೆಗೆ ಮೂವರೂ ಸುಮ್ಮನೆ ಕೂತೆವು.

ಒಂಬತ್ತನೆಯ ದಿನ ಕಾನಿಟ್ಕರರ ಕಾರು ಶುರುವಾಗಲಿಲ್ಲ.
ವೈರು ಕಡಿದದ್ದನ್ನು ಮೆಕ್ಯಾನಿಕ್ ಕಣ್ಣಾರೆ ಕಂಡಿದ್ದ,
ಬಾನೆಟ್ಟಿನಿಂದ ಜಿಗಿದ ಕೆಂಪು ಬಾಲ.
ಸೊಸೈಟಿ ಸಭೆಯಲ್ಲಿ ಎಲ್ಲರ ಮುಖ ನನ್ನ ಕಡೆ.
"ಉಂದೀರ್ ತುಮಚಾ," ಎಂದರು ಕಾನಿಟ್ಕರ್.
ಇಲಿ ನಿಮ್ಮದು.
ಗುರುತಿಲ್ಲದ ನೂರು ಇಲಿ ಯಾರದೂ ಅಲ್ಲ,
ಬಣ್ಣ ಬಳಿದ ಒಂದು ನನ್ನದು. ನ್ಯಾಯವೇ.
ಸಾವಿರದ ಇನ್ನೂರು ಕೊಟ್ಟೆ, ರಸೀದಿ ತಂದೆ:
ಇಲಿ ಬಾಬ್ತು, ಮನೆ ನಂಬರ್ ಬಿ-ಎರಡು.
ಗಣಪತಿ ಕೂತ ಹತ್ತು ದಿನ ಮಾತ್ರ
ಯಾರೂ ಏನೂ ಅನ್ನಲಿಲ್ಲ.

ಈಗ ಬೆಳಿಗ್ಗೆ ಒಂದೇ ಹಿಡಿ, ಬಾಟಲಿಯ ಕೆಳಗೆ
ಚೆಲ್ಲಿದ್ದನ್ನು ಹಿಡಿಯಲು ಹಳೆಯ ಪರಾತ,
ಸಂಜೆ ಐದಕ್ಕೆ ಎಲ್ಲ ಇಳಿಸಿ ಒಳಗೆ.
ಬುಡ ಗುಡಿಸುತ್ತೇನೆ. ಗುಬ್ಬಿ ಬಂದರೆ
ಬಾಲ ನೋಡುತ್ತೇನೆ, ಗರಿ ಎಣಿಸಲು.
ಅವು ನಿಲ್ಲುವುದಿಲ್ಲ.

ಅಕ್ಕನ ಫೋನು: "ಜ್ವಾಳ ಐತೇನ?"
ಮುಗೀತು ಅಂದೆ.
"ಇಷ್ಟ ಲಗೂ? ನಿಮ್ಮ ಮನ್ಯಾಗ
ಉಣ್ಣಾಕ ಎಷ್ಟ ಮಂದಿ ಅದೀರಿ?"

ಹೇಳಲೆಂದು ಹೊರಗೆ ನೋಡಿದೆ.
ನಲ್ಲಿಯ ಹತ್ತಿರ ಕೆಸುವಿನ ಎಲೆಯೊಂದು ಅಲುಗಿತು.
ಗಾಳಿ ಇರಲಿಲ್ಲ.