ಹತ್ತೊಂಬತ್ತನೇ ನಂಬರು

ಪೋಸು ಸೇಕು. ಅಂದರೆ ಒಣಬಾವಿ.
ಬಾವಿ ಎಂದೂ ಬತ್ತಿರಲಿಲ್ಲವಂತೆ.
ಕಂದಾಯದವನು ಕುದುರೆಯೇರಿ ಬಂದ ದಿನ
ಯಾರೋ ಹಗ್ಗ ಬಚ್ಚಿಟ್ಟು ಕೈಯಾಡಿಸಿದರಂತೆ:
"ಒಣಗಿದೆ ಸ್ವಾಮಿ."
ಅವನು ಹಾಗೇ ಬರೆದುಕೊಂಡು ಹೋದ.
ಸುಳ್ಳಿನಿಂದ ಹೆಸರು ಪಡೆದ ಬಡಾವಣೆ ನಮ್ಮದು,
ನದಿಯಾಚೆ, ನಗರದ ಸೆರಗಿನಿಂದ ಬಿಚ್ಚಿಕೊಂಡ ನೂಲು.

ಮೂವತ್ತೊಂದು ವರ್ಷ ಇಲ್ಲಿ ಕಾಗದ ಹಂಚಿದೆ ನಾನು.
ಒಂದೇ ಚೀಲ, ಮೂರು ಸಲ ಹೊಲಿಸಿದ ಪಟ್ಟಿ,
ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗೆ.
ಇವತ್ತು ಕೊನೆ. ಪಕ್ಕದಲ್ಲಿ ಹೊಸ ಹುಡುಗಿ.
ಕೇಳು ನೀದಿಯಾ,

ಒಂದರಿಂದ ಎಂಟು ಬಿರಡೆ ಕಾರ್ಖಾನೆಯ ಸಾಲುಮನೆ.
ಓಕ್ ಮರದ ತೊಗಟೆ ದೋಣಿಯಲ್ಲಿ ಬರುತ್ತಿತ್ತು.
ಬೇಯಿಸಿ, ಒಣಗಿಸಿ, ಕೊರೆದು
ಲೋಕದ ಶೀಶೆಗಳ ಬಾಯಿ ಮುಚ್ಚಿದರು ಇಲ್ಲಿನ ಹೆಂಗಸರು;
ಅವರ ಬಾಯಿ ಮುಚ್ಚಲು ಮಾತ್ರ
ಮೇಸ್ತ್ರಿಗೂ ಆಗಲಿಲ್ಲ, ಪೊಲೀಸರಿಗೂ ಆಗಲಿಲ್ಲ.
ನಾಲ್ಕನೇ ನಂಬರಿನ ದಿಯೊಲಿಂದಾಗೆ ತೊಂಬತ್ತೆರಡು,
ಎಡಗೈಯಲ್ಲಿ ಮೂರೇ ಬೆರಳು.
ಸೈರನ್ ಸತ್ತು ನಲವತ್ತು ವರ್ಷವಾಯಿತು,
ಈಗಲೂ ಏಳಕ್ಕೆ ಹತ್ತು ನಿಮಿಷವಿದ್ದಾಗ
ಶಾಲು ಹೊದ್ದು ಹೊಸ್ತಿಲಲ್ಲಿ ನಿಂತಿರುತ್ತಾಳೆ.
ನೀನು ಹೋಗುವ ಹೊತ್ತಿಗೆ ನಿದ್ದೆ. ಬಾಗಿಲು ಬಡಿದು
ಮೂವತ್ತು ಎಣಿಸು.

ಕಾರ್ಖಾನೆ ಈಗ ಫ್ಲಾಟು.
ಅಲ್ಲಿಗೆ ಕಾಗದ ಬರುವುದಿಲ್ಲ, ಪೊಟ್ಟಣ ಬರುತ್ತವೆ.
ಹೋದ ವಾರ ಒಂದು ನಾಯಿಗೂ ಬಂತು, ಹುಟ್ಟುಹಬ್ಬದ್ದು.
ಆ ಬಾವಿಯೇ? ಬಟ್ಟೆ ಒಗೆಯುವ ಅಂಗಡಿಯ ಕೆಳಗಿದೆ.
ಚಳಿಗಾಲದ ಮಳೆ ಜೋರಾದರೆ
ಯಂತ್ರ ತಿರುಗದಿದ್ದರೂ ನೆಲ ಒದ್ದೆ.

ಹನ್ನೊಂದು, ಕೇಪ್ ವರ್ಡಿಯ ಜುಲ್ಮೀರಾ;
ಭಾನುವಾರ ಬೀದಿಗೆಲ್ಲ ಅವಳ ಪಾತ್ರೆಯ ಜೋಳದ ಘಮ.
ಹದಿಮೂರು, ಮೀನಂಗಡಿ, ಆಮೇಲೆ ವಿಡಿಯೊ ಅಂಗಡಿ,
ಆಮೇಲೆ ಬಹಳ ದಿನ ಬೀಗ,
ಈಗ ಬ್ರಾಯಿಮಾನ ಕ್ಷೌರದಂಗಡಿ.
ಹದಿನೈದು. ಹದಿನೇಳು.
ಇಪ್ಪತ್ತೊಂದು.

ಹುಡುಗಿ ನಿಂತಳು. "ಹತ್ತೊಂಬತ್ತು?"

ಈ ವೃತ್ತವೇ ಹತ್ತೊಂಬತ್ತು.
ರಸ್ತೆ ಅಗಲಿಸುವಾಗ ಕೆಡವಿದರು,
ಬೆಲ್ಮಿರೋನ ಮನೆ, ದ್ರಾಕ್ಷಿ ಚಪ್ಪರ, ಕೋಳಿಗೂಡು.
ಪರಿಹಾರದ ಚೆಕ್ಕು ನಾನೇ ತಂದೆ, ಅದೇ ವಿಳಾಸಕ್ಕೆ;
ಇಟ್ಟಿಗೆ ಗುಡ್ಡೆಯ ಮೇಲೆ ಕೂತು ಸಹಿ ಹಾಕಿದ.
ಅವನು ಸತ್ತ. ಕಾಗದ ನಿಲ್ಲಲಿಲ್ಲ.
ನೀರಿನ ಬಿಲ್ಲು, ಮತದಾನದ ಚೀಟಿ.
ಪಟ್ಟಿಯಿಂದ ಒಂದು ಅಂಕಿ ಅಳಿಸಲು
ಪುರಸಭೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಒಂದು ದಿನ ಬೇರೆ ಹೆಸರು ಬಂತು: ದಿಲ್‌ಮಾಯಾ ಘರ್ತಿ.
ತಿಂಗಳಲ್ಲಿ ಇನ್ನೊಂದು: ಷಫೀಕುಲ್ ಮೃಧಾ.
ಒಂದು ಕೋಣೆಗೆ ಎಂಟು ಜನ; ಮನೆಯೊಡೆಯ
ಬಾಡಿಗೆ ತಗೊಳ್ಳುತ್ತಾನೆ, ವಿಳಾಸ ಕೊಡುವುದಿಲ್ಲ.
ವಿಳಾಸವಿಲ್ಲದೆ ಪರವಾನಗಿಯಿಲ್ಲ,
ಪರವಾನಗಿಯಿಲ್ಲದೆ ಬೇರೆ ಮನೆಯಿಲ್ಲ.
ಈ ನಂಬರನ್ನು ಯಾರು ಹೇಳಿಕೊಟ್ಟರೋ.
(ನಾಲ್ಕನೇ ಮನೆಯತ್ತ ಹಾಗೆ ತಿರುಗಿ ನೋಡಬೇಡ.)

ಈಗ ಇಪ್ಪತ್ತಮೂರು ಹೆಸರು ಈ ಹುಲ್ಲಿನ ಮೇಲೆ ವಾಸ.
ನಡುವೆ ಒಂದೇ ಒಂದು ಬಿರಡೆ ಮರ, ಇನ್ನೂ ಎಳೆಯದು,
ಮೊದಲ ತೊಗಟೆ ಸುಲಿಯಲು ಇಪ್ಪತ್ತೈದು ವರ್ಷ ಕಾಯಬೇಕು.
ಅಷ್ಟು ದಿನ ಯಾರು ಇರುತ್ತಾರೋ.

"ನಿಯಮದ ಪ್ರಕಾರ ವಾಪಸು ಕಳಿಸಬೇಕಲ್ಲವೆ?"
ಹೌದು. ಪುಟ ನಲವತ್ತು. ಓದಿದ್ದೇನೆ.
ಬ್ರಾಯಿಮಾನ ಕನ್ನಡಿ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿಯಿದೆ.

ಅವಳು ಮಾತಾಡಲಿಲ್ಲ.
ಚೀಲದಿಂದ ಒಂದು ಲಕೋಟೆ ಎಳೆದಳು,
ಸರ್ಕಾರದ ಮುದ್ರೆ, ಕಿಟಕಿಯಲ್ಲಿ ಹತ್ತೊಂಬತ್ತು;
ಹಿಂದೆ ಮುಂದೆ ತಿರುಗಿಸಿದಳು.
ಹದಿನಾಲ್ಕನೇ ನಂಬರಿನ ಬಸ್ಸು ಬಂತು,
ಮರವನ್ನೊಂದು ಸುತ್ತು ಹಾಕಿ
ಖಾಲಿಯಾಗೇ ನಗರಕ್ಕೆ ಮರಳಿತು.
ಆಮೇಲೆ ಕೇಳಿದಳು:

"ಡಬ್ಬಿ ಯಾವ ಬಣ್ಣದ್ದು?"